ಹಗ್ಗದ ಈ ತುದಿ

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಗಲಿಡೀ ಹಾಸಿಗೆ ಬಟ್ಟೆ ಮಡಚಿ ಬಂದವಳಿಗೆ ಮನೆಯಲ್ಲಿ ಇನ್ನೊಂದು ಪಾಳಿ ಕಾದು ಕೂತಿರುತ್ತಿತ್ತು. ತಮ್ಮನನ್ನು ಮಗ್ಗುಲು ಹೊರಳಿಸಬೇಕು, ಬೆನ್ನು ಒರೆಸಬೇಕು, ಮೂತ್ರದ ಚೀಲ ಖಾಲಿ ಮಾಡಬೇಕು, ಎತ್ತಿ ಗಾಲಿಕುರ್ಚಿಯಲ್ಲಿ ಕೂರಿಸಿ ತುತ್ತಿಡಬೇಕು. ಅದೆಲ್ಲ ಮುಗಿದು ಇನ್ನೇನು ಕಾಲು ಚಾಚೋಣ ಅನ್ನುವಷ್ಟರಲ್ಲಿ ಅವನು ಟೀವಿಯ ಕಡೆ ಗಲ್ಲ ತೋರಿಸುತ್ತಿದ್ದ.

"ಅಕ್ಕ, ಸ್ವಲ್ಪ ಹೊತ್ತು ಆಡೋಣ."

ಅವಳು ಅವನಿಗೆ ಮಾತ್ರ ಅಕ್ಕ ಅಲ್ಲ. ಲಾಂಡ್ರಿಯವರಿಗೂ ಅಕ್ಕ, ಬೀದಿಯವರಿಗೂ ಅಕ್ಕ. ಹಗಲು ತಮ್ಮನನ್ನು ಆಗಾಗ ಬಂದು ನೋಡಿಹೋಗುವ, ಅವಳಿಗಿಂತ ಎಷ್ಟೋ ವರ್ಷ ದೊಡ್ಡವರಾದ ಕೆಳಮನೆಯ ಮುದುಕರೂ ನೀರು ಬರದಿದ್ದರೆ "ಅಕ್ಕಾ, ಸ್ವಲ್ಪ ನೋಡಮ್ಮ" ಎಂದು ಮೆಟ್ಟಿಲ ಬುಡದಲ್ಲಿ ನಿಂತು ಕೂಗುತ್ತಿದ್ದರು. ಅಪ್ಪ ಅಮ್ಮ ಬೇಗ ಹೋದ ಮನೆ. ಹದಿನಾರಕ್ಕೇ ಮನೆಯ ಚುಕ್ಕಾಣಿ ಹಿಡಿದವಳು, ಅಂದಿನಿಂದ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟು ನೋಡಿದವಳೇ ಅಲ್ಲ. ಕೇಳಿದವರೂ ಯಾರೂ ಇರಲಿಲ್ಲ ಅನ್ನಿ.

ತಮ್ಮ ದೊಡ್ಡ ದೊಡ್ಡ ಕಟ್ಟಡಗಳಿಗೆ ಕಬ್ಬಿಣದ ಕೊಳವೆಗಳ ಸಾರುವೆ ಕಟ್ಟುವವನಾಗಿದ್ದ. ಕೊಳವೆಗಳ ಮೇಲೆ ಬೆಕ್ಕಿನ ಹಾಗೆ ಓಡಾಡುತ್ತಾನೆ ಎಂದು ಜೊತೆಯವರು ಹೇಳುತ್ತಿದ್ದರು. ಒಂದು ದಿನ ಈ ಕಡೆಯಿಂದ ಆ ಕಡೆಗೆ ದಾಟುವಾಗ ಸೊಂಟದ ಹಗ್ಗದ ಕೊಂಡಿ ಬಿಚ್ಚಿಕೊಂಡ. ಆ ಕಡೆ ಹೋಗಿ ಮತ್ತೆ ಸಿಕ್ಕಿಸಿಕೊಂಡರಾಯಿತು ಅಂದುಕೊಂಡಿದ್ದನಂತೆ. ಕೆಳಗೆ ಬಿದ್ದು ಕುತ್ತಿಗೆ ಮುರಿಯಿತು. ಪ್ರಾಣ ಉಳಿಯಿತು, ಮಾತು ಉಳಿಯಿತು, ಬಲಗೈಯ ಹೆಬ್ಬೆರಳಲ್ಲಿ ಒಂಚೂರು ಕಸುವು ಉಳಿಯಿತು. ಮಿಕ್ಕಿದ್ದೆಲ್ಲ ಅಕ್ಕನ ಪಾಲಿಗೆ ಬಂತು.

ಟೀವಿಗೆ ಜೋಡಿಸಿ ಆಡುವ ವಿಡಿಯೋ ಗೇಮಿನ ಪೆಟ್ಟಿಗೆಯನ್ನು ಕೊಟ್ಟವನು ಅವನ ಹಳೆಯ ಜೊತೆಗಾರ. ಮದುವೆಯಾಗಿ ಬೇರೆ ಊರಿಗೆ ಹೋಗುವ ಮೊದಲು ನೋಡಲು ಬಂದವನಿಗೆ ಬರಿಗೈಯಲ್ಲಿ ಬರಲು ಮನಸ್ಸಾಗಲಿಲ್ಲವೇನೋ, ತನ್ನದೇ ಪೆಟ್ಟಿಗೆಯನ್ನು ಕಂಕುಳಲ್ಲಿ ಅವಚಿಕೊಂಡು ಬಂದಿದ್ದ. ಅದನ್ನು ಆಡಲು ಎರಡು ಕೈ ಬೇಕು ಅನ್ನುವುದು ಅವನಿಗೆ ಹೊಳೆದದ್ದು ಕಂಟ್ರೋಲರನ್ನು ತಮ್ಮನ ತೊಡೆಯ ಮೇಲೆ ಇಟ್ಟ ಮೇಲೆ. ಪಾಪ, ಮುಖ ಸಪ್ಪಗಾಗಿ ಚಹಾ ಕುಡಿಯದೆ ಎದ್ದುಹೋದ. ಆ ಕೈಗಳು ಅಕ್ಕನವಾದವು.

ಆಟ ಶುರುವಾಗುವುದು ಒಂದು ಗಣಿಯ ತಳದಲ್ಲಿ. ಬೆನ್ನು ಬಾಗಿದ, ಮಾತು ಬಾರದ ಕೈದಿಯೊಬ್ಬ ಕತ್ತಲೆಯಿಂದ ಮೇಲೆ ಹತ್ತಿ ಬರುತ್ತಾನೆ. ಅವನನ್ನು ಕಾಡು, ಜೌಗು, ಪಾಳುಬಿದ್ದ ಊರುಗಳನ್ನು ದಾಟಿಸಿ ಹಿಮದ ಬೆಟ್ಟದ ನೆತ್ತಿಗೆ ಮುಟ್ಟಿಸಬೇಕು. ಸೊಂಟಕ್ಕೆ ಒಂದು ಹಗ್ಗ ಕಟ್ಟಿರುತ್ತದೆ. ಅದರ ಇನ್ನೊಂದು ತುದಿ ಪರದೆಯ ಕೆಳಗೆಲ್ಲೋ ಮರೆಯಾಗಿರುತ್ತದೆ. ತಮ್ಮ ಅವನಿಗೆ ಗೂನಪ್ಪ ಎಂದು ಹೆಸರಿಟ್ಟ.

"ಎಡಕ್ಕೆ. ಇನ್ನೂ ಎಡಕ್ಕೆ. ನಿಲ್ಲು. ಈಗ ಹಸಿರು ಗುಂಡಿ ಒತ್ತು, ಹಾರ್ತಾನೆ."

ಗೂನಪ್ಪ ಹಾರುವುದರ ಬದಲು ಚೀಲ ಬಿಚ್ಚಿ ಕೂತ. ಹಿಂದಿನಿಂದ ಬಂದ ತೋಳ ಅವನನ್ನು ಕೆಡವಿತು.

"ಅದು ಹಸಿರಾ ಅಕ್ಕ?"

"ಬೆಳಗ್ಗಿಂದ ಬೆಡ್‌ಶೀಟ್ ನೋಡಿದ ಕಣ್ಣು ಕಣೋ ಇದು. ನನಗೆ ಈಗ ಎಲ್ಲಾ ಬಿಳೀನೇ."

ಮೊದಮೊದಲು ಅವಳಿಗೆ ಆ ಆಟ ಎಂದರೆ ತಲೆನೋವು. ಬಿಸಿ ಬಟ್ಟೆ ಹಿಡಿದು ಹಿಡಿದು ಬೆರಳ ತುದಿಗಳು ದೊರಗಾಗಿದ್ದವು, ಗುಂಡಿಗಳು ಸಿಕ್ಕುತ್ತಿರಲಿಲ್ಲ. ಬರುಬರುತ್ತಾ ಕೈ ಪಳಗಿತು. ಪಳಗಿದ್ದೇ ತಡ, ಅವನು ಹೇಳುವ ಮೊದಲೇ ಒತ್ತತೊಡಗಿದಳು. ಅವನು "ಆ ಗುಡಿಸಲಿನ ಒಳಗೆ ಹೋಗಿ ನೋಡೋಣ" ಅಂದರೆ, "ಅಲ್ಲೇನಿರುತ್ತೆ, ಸುಮ್ನೆ ಹೊತ್ತು ದಂಡ" ಎಂದು ಗೂನಪ್ಪನನ್ನು ಸೀದಾ ದಾರಿಗೆ ಹಚ್ಚುತ್ತಿದ್ದಳು. ಅವನು ಹೊಡೆದಾಡೋಣ ಅಂದ ಕಡೆ ಇವಳು ಬಚ್ಚಿಟ್ಟುಕೊಳ್ಳುತ್ತಿದ್ದಳು. ಗೂನಪ್ಪ ಸಾಯುವುದು ಕಡಿಮೆಯಾಯಿತು, ಅದೇನೋ ನಿಜ. ಬೇಗ ಮುಗಿದರೆ ಬೇಗ ಮಲಗಬಹುದು ಅನ್ನುವುದೂ ಅವಳ ಲೆಕ್ಕದಲ್ಲಿತ್ತು. ತಮ್ಮ ಹೇಳುವುದನ್ನು ಕಡಿಮೆ ಮಾಡಿದ. ಅವನಿಗೆ ದಣಿವಾಗಿರಬೇಕು ಎಂದುಕೊಂಡಳು.

ಹಾಗೆ ನೋಡಿದರೆ ಆಟದಲ್ಲಿ ಮಾತ್ರವೇ ಹಾಗೆ ನಡೆಯುತ್ತಿದ್ದುದಲ್ಲ. ಅವನ ಕೂದಲು ಯಾವಾಗ ಕತ್ತರಿಸಬೇಕು, ಯಾವ ಅಂಗಿ ಹಾಕಬೇಕು, ಕಿಟಕಿ ಎಷ್ಟು ತೆರೆದಿರಬೇಕು, ಫೋನಿಗೆ ಬಂದ ಗೆಳೆಯರ ಸಂದೇಶಕ್ಕೆ ಏನು ಉತ್ತರ ಕೊಡಬೇಕು, ಎಲ್ಲವನ್ನೂ ಅವಳೇ ಮಾಡಿ ಮುಗಿಸುತ್ತಿದ್ದಳು. ಕೇಳುತ್ತಾ ಕೂರಲು ಅವಳಿಗೆಲ್ಲಿತ್ತು ಪುರುಸೊತ್ತು?

ವಾರಕ್ಕೊಮ್ಮೆ ಅವನ ಕೀಲುಗಳನ್ನು ಆಡಿಸಲು ಬರುತ್ತಿದ್ದ ಫಿಸಿಯೋ ಮೇಡಂ ಒಂದು ಸಂಜೆ ಅವನ ಮೊಣಕೈ ಮಡಚುತ್ತಾ ಸುದ್ದಿಯೊಂದನ್ನು ತಂದರು. ನದಿಯಾಚೆ ಒಂದು ಮನೆಯಿದೆ. ಇವನಂಥವರೇ ನಾಲ್ಕೈದು ಮಂದಿ ಸೇರಿಕೊಂಡು ಇದ್ದಾರೆ. ಸಹಾಯಕರು ಪಾಳಿಯಲ್ಲಿ ಬರುತ್ತಾರೆ. ಬಾಯಲ್ಲಿ ಹೇಳಿದರೆ ದೀಪ ಹತ್ತುತ್ತದೆ, ಬಾಗಿಲು ತೆರೆಯುತ್ತದೆ, ಗಲ್ಲದಲ್ಲೇ ನಡೆಸುವ ಗಾಲಿಕುರ್ಚಿಯನ್ನೂ ಕೊಡುತ್ತಾರೆ. ಒಂದು ರೂಮು ಖಾಲಿಯಾಗಿದೆ.

"ನೀವೇನಂತೀರಿ?" ಎಂದು ಮೇಡಂ ಅವನ ಮುಖ ನೋಡಿದರು.

"ಅವನಿಗೆ ಅದೆಲ್ಲ ಒಗ್ಗಲ್ಲ ಮೇಡಂ," ಎಂದಳು ಅಕ್ಕ, ಟವೆಲ್ ಮಡಚುತ್ತಾ. "ನಾನಿದ್ದೀನಲ್ಲ."

ಮೇಡಂ ಇನ್ನೂ ಅವನನ್ನೇ ನೋಡುತ್ತಿದ್ದರು. ಅವನು ಗೋಡೆ ನೋಡುತ್ತಿದ್ದ. ಅವರು ಹೋದ ಮೇಲೆ ಬಾಯಿಬಿಟ್ಟ.

"ಅವರು ಕೇಳಿದ್ದು ನನ್ನನ್ನ."

"ನಾನೇನು ನಿನಗೆ ಕೆಟ್ಟದ್ದು ಬಯಸ್ತೀನಾ?"

"ನಾನು ಹೇಳಿದ್ದು ಅದಲ್ಲ."

ಅಷ್ಟರಲ್ಲಿ ಅವಳು ಅಡುಗೆಮನೆ ಸೇರಿಯಾಗಿತ್ತು.

ಆ ವಾರವೇ ಗೂನಪ್ಪ ಬೆಟ್ಟದ ನೆತ್ತಿ ಮುಟ್ಟಿದ. ಬಿಳಿ ಗಾಳಿ ಬೀಸುತ್ತಿತ್ತು. ಎದುರಿಗೆ ದೀಪಗಳಿಂದ ತುಂಬಿದ ಅರಮನೆ, ಪಕ್ಕದಲ್ಲಿ ಕಡಿದಾದ ಕಮರಿ. ಇಷ್ಟು ದಿನ ಬೆನ್ನು ತೋರಿಸಿಕೊಂಡೇ ನಡೆದಿದ್ದವನು ಮೊದಲ ಬಾರಿಗೆ ಹಿಂದಕ್ಕೆ ತಿರುಗಿದ. ನೇರ ಪರದೆಯ ಹೊರಗೆ, ಇವರಿಬ್ಬರ ಕಡೆಗೇ ನೋಡಿದ. ಸೊಂಟದ ಹಗ್ಗವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ತೋರಿಸಿದ. ಅದರ ಇನ್ನೊಂದು ತುದಿ ಇಷ್ಟು ದಿನ ಯಾರ ಕೈಯಲ್ಲಿತ್ತು ಅನ್ನುವುದು ಆಗ ತಿಳಿಯಿತು. ಆಡುತ್ತಿದ್ದವರ ಕೈಯಲ್ಲೇ. ಕೆಳಗೆ ಎರಡು ಪದ ಮೂಡಿದವು. ಹಿಡಿದುಕೋ. ಬಿಡು.

"ಬಿಡು," ಎಂದ ತಮ್ಮ.

ಅಕ್ಕನ ಕಣ್ಣು ಕಮರಿಯ ಮೇಲಿತ್ತು. ಅವಳ ಹೆಬ್ಬೆರಳು ಮೊದಲ ಪದವನ್ನು ಒತ್ತಿಬಿಟ್ಟಿತು.

ತುತ್ತೂರಿಗಳು ಮೊಳಗಿದವು. ಗೂನಪ್ಪ ಅರಮನೆಗೆ ನಡೆದ. ಕಿರೀಟ ಇಟ್ಟರು, ಸಿಂಹಾಸನದಲ್ಲಿ ಕೂರಿಸಿದರು, ಜನ ಸಾಲಾಗಿ ಬಾಗಿದರು. ಹಗ್ಗ ಸೊಂಟದಲ್ಲೇ ಇತ್ತು. ಅವನು ಕೈ ಎತ್ತಬೇಕಾದಾಗೆಲ್ಲ ಹಗ್ಗ ಬಿಗಿಯಾಗುತ್ತಿತ್ತು. ಆಟ ಕಟ್ಟಿದವರ ಹೆಸರುಗಳು ಮೇಲಕ್ಕೆ ಸರಿಯತೊಡಗಿದವು.

"ಬಿಡು ಅಂದೆನಲ್ಲ," ಎಂದ ತಮ್ಮ. ದನಿ ಏರಿರಲಿಲ್ಲ.

"ಬಿಟ್ಟಿದ್ರೆ ಬಿದ್ದು ಸಾಯ್ತಿದ್ದ. ಎಷ್ಟು ಕಷ್ಟಪಟ್ಟು ಹತ್ತಿಸಿದ್ದು."

"ಸತ್ರೆ ಸಾಯ್ಲಿ. ಅವನ ಪಾಡು ಅವನದು. ಒಂದು ಗುಂಡಿ ಅಕ್ಕ. ಇಡೀ ದಿನದಲ್ಲಿ ನಾನು ಹೇಳಿದ್ದು ಅದೊಂದೇ ಗುಂಡಿ."

ಅವಳ ಸೊಂಟ ನೋಯುತ್ತಿತ್ತು, ಪಾದ ಊದಿತ್ತು. ಇನ್ನೂ ಪಾತ್ರೆ ತೊಳೆಯುವುದಿತ್ತು. ನಾಲಿಗೆಗೆ ಕಡಿವಾಣ ಹಾಕುವಷ್ಟು ತ್ರಾಣವೂ ಉಳಿದಿರಲಿಲ್ಲ.

"ಅವತ್ತು ಮೇಲೆ ನಿಂತಾಗಲೂ ನೀನೇ ತಾನೇ ಬಿಟ್ಟಿದ್ದು ಹಗ್ಗಾನ," ಎಂದುಬಿಟ್ಟಳು.

ಬಿದ್ದ ಮಾತನ್ನು ಬಾಚಿಕೊಳ್ಳುವುದಾದರೂ ಹೇಗೆ? ತಮ್ಮ ಪರದೆಯ ಕಡೆಯಿಂದ ಮುಖ ತಿರುಗಿಸಿಕೊಂಡ. ಆಮೇಲೆ, "ಮಲಗಿಸು," ಎಂದ.

ಮರುದಿನದಿಂದ ಅವನ ಬಾಯಲ್ಲಿ ಒಂದೇ ಮಾತು.

"ಚಹಾ ಕೊಡ್ಲಾ?"

"ನಿನ್ನಿಷ್ಟ."

"ಕಿಟಕಿ ತೆಗೀಲಾ?"

"ನಿನ್ನಿಷ್ಟ."

ಅದರಲ್ಲಿ ಸಿಡುಕಿರಲಿಲ್ಲ, ಗಂಟುಮೋರೆಯೂ ಇರಲಿಲ್ಲ. ಅವಳು ಏನು ಕೊಟ್ಟರೂ ಉಂಡ, ಯಾವ ಮಗ್ಗುಲಿಗೆ ಹೊರಳಿಸಿದರೂ ಮಲಗಿದ. ಬೆನ್ನಿನಡಿ ಚಾದರ ಮುದುಡಿ ಒತ್ತುತ್ತಿದ್ದರೂ ಹೇಳಲಿಲ್ಲ. ಅವಳೇ ಸಂಜೆ ನೋಡಿ ಕೆಂಪಾಗಿದ್ದ ಜಾಗಕ್ಕೆ ಮುಲಾಮು ಹಚ್ಚಬೇಕಾಯಿತು. ಟೀವಿಯಲ್ಲಿ ಯಾವ ಚಾನೆಲ್ ಎಂದು ಕೇಳಿದರೂ ಅದೇ ಉತ್ತರ. ಇಷ್ಟು ವರ್ಷ ಕೇಳದೆ ಮಾಡುತ್ತಿದ್ದವಳು ಈಗ ಕೇಳಿ ಕೇಳಿ ಸುಸ್ತಾದಳು. ಅವನ ದೇಹದ ಭಾರ ಅವಳಿಗೆ ರೂಢಿಯಾಗಿತ್ತು. ಅವನ ಮನಸ್ಸಿನ ಭಾರವನ್ನೂ ಎತ್ತಿ ಇಳಿಸಬೇಕಾಗಿ ಬಂದದ್ದು ಇದೇ ಮೊದಲು.

ಲಾಂಡ್ರಿಯಲ್ಲಿ ಅವಳ ಜೋಡಿ ಒಬ್ಬ ವಿಧವೆ. ದೊಡ್ಡ ಇಸ್ತ್ರಿ ರೋಲರಿನಿಂದ ಹೊರಬರುವ ಬಟ್ಟೆಯ ಒಂದು ಅಂಚು ಅಕ್ಕ ಹಿಡಿದರೆ ಇನ್ನೊಂದು ಅಂಚು ಅವಳು. ಬಾಯಿ ನಿಲ್ಲದ ಕಾರಣ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು, ಅವಳೂ ಒಪ್ಪಿಕೊಂಡಿದ್ದಳು.

"ನಿನ್ನಿಷ್ಟ ಅಂತಾನಾ? ನಮ್ಮ ಯಜಮಾನರು ಇಪ್ಪತ್ತು ವರ್ಷದಲ್ಲಿ ಒಂದು ಸಲ ಹಾಗಂದಿದ್ರೆ ನಾನು ಸ್ವೀಟ್ ಹಂಚ್ತಿದ್ದೆ," ಎಂದಳು ರೇಡಿಯೋ.

ಅಕ್ಕ ನಗಲಿಲ್ಲ.

ಆ ಮಧ್ಯಾಹ್ನ ಸೂಪರ್‌ವೈಸರ್ ಬಂದು ಅಕ್ಕನ ಮುಂದೆ ನಿಂತರು. ಪಾಳಿಗಳನ್ನು ಬದಲಾಯಿಸುತ್ತಿದ್ದಾರೆ, ಹಳಬರಿಗೆ ಮೊದಲ ಆಯ್ಕೆ. "ಬೆಳಗ್ಗೇದಾ, ಮಧ್ಯಾಹ್ನದ್ದಾ? ನಿಮಗೆ ಯಾವುದು ಬೇಕೋ ನೀವೇ ಹೇಳಿಬಿಡಿ."

ಅಕ್ಕ ಬಾಯಿ ತೆರೆದಳು. ತಮ್ಮನಿಗೆ ಯಾವ ಹೊತ್ತು ಅನುಕೂಲ ಅನ್ನುವುದು ತಲೆಗೆ ಬಂತು. ಫಿಸಿಯೋ ಮೇಡಂ ಬರುವ ಹೊತ್ತು ಬಂತು, ಕೆಳಮನೆಯವರಿಗೆ ನೀರು ಬರುವ ಹೊತ್ತೂ ಬಂತು. ತನಗೇನು ಬೇಕು ಎಂದು ಹುಡುಕಿದರೆ ಅಲ್ಲಿ ಏನೂ ಇರಲಿಲ್ಲ. ಕತ್ತಲೆಯ ಕೋಣೆಯಲ್ಲಿ ಸ್ವಿಚ್ಚಿಗಾಗಿ ಗೋಡೆ ತಡವಿದ ಹಾಗಾಯಿತು. ಸೂಪರ್‌ವೈಸರ್ ಕೈಗಡಿಯಾರ ನೋಡಿಕೊಂಡರು.

"ನಿಮ್ಮಿಷ್ಟ ಸಾರ್," ಎಂದಳು.

"ಆಯ್ತಲ್ಲ," ಎಂದಳು ರೇಡಿಯೋ, ಅವರು ಆಚೆ ಹೋದ ಮೇಲೆ. "ತಮ್ಮನ ಕಾಯಿಲೆ ಅಕ್ಕಂಗೂ ಅಂಟ್ತು."

ಮನೆಗೆ ಬಂದು ಹೆಗಲ ಚೀಲ ಇಳಿಸದೆಯೇ ಅವನ ಮಂಚದ ಎದುರು ಕೂತಳು.

"ಇವತ್ತು ಸೂಪರ್‌ವೈಸರ್‌ಗೆ ನಿಮ್ಮಿಷ್ಟ ಅಂದೆ ಕಣೋ."

ತಮ್ಮ ಕಣ್ಣು ಹೊರಳಿಸಿ ಅವಳನ್ನು ನೋಡಿದ. "ಹೇಗಿತ್ತು?"

"ಬಾಯಿ ಒಣಗಿ ಹೋಯ್ತು."

ಅವನ ತುಟಿಯ ಒಂದು ಮೂಲೆ ಅಲುಗಿತು. ಬಹಳ ದಿನಗಳ ಮೇಲೆ ಅಷ್ಟಾದರೂ ಕಂಡಿತಲ್ಲ ಎಂದು ಅವಳಿಗೆ ಅಳು ಬಂದ ಹಾಗಾಯಿತು.

"ಅವತ್ತು ನಾನು ಹಾಗೆ ಅನ್ನಬಾರ್ದಿತ್ತು. ಹಗ್ಗದ ಮಾತು."

"ಅಂದಿದ್ದು ನಿಜಾನೇ ಅಲ್ವಾ," ಎಂದ ಅವನು. "ಬಂದವರೆಲ್ಲ ಏನೇನೋ ಅಂತಾರೆ. ಒಬ್ಬರು ಹಣೆಬರಹ ಅಂತಾರೆ, ಒಬ್ಬರು ಗಾಳಿ ಜೋರಿತ್ತು ಅಂತಾರೆ. ಜೊತೆಯವನು ಕೊಂಡಿನೇ ಸರಿ ಇರ್ಲಿಲ್ಲ ಅಂತ ಎಲ್ಲರ ಹತ್ರ ಹೇಳ್ಕೊಂಡು ಬಂದ, ನನ್ನ ಮೇಲಿನ ಪ್ರೀತಿಗೆ. ಕೊಂಡಿ ಸರಿಯಾಗೇ ಇತ್ತು. ನಾನೇ ಬಿಚ್ಚಿದ್ದು. ತಪ್ಪು ಮಾಡ್ದೆ. ಆದ್ರೆ ಆ ತಪ್ಪು ನನ್ನದು ಅಕ್ಕ. ಈ ಮೈಯಲ್ಲಿ ನಾನೇ ನನ್ನ ಕೈಯಾರೆ ಮಾಡಿದ ಕೊನೇ ಕೆಲಸ ಅದು. ಅದನ್ನೂ ಕಿತ್ಕೊಂಡ್ರೆ ನನಗೆ ಏನುಳೀತು?"

ಅಕ್ಕನ ಚೀಲ ಹೆಗಲಿಂದ ಜಾರಿ ನೆಲಕ್ಕೆ ಬಿತ್ತು, ಬಿದ್ದಲ್ಲೇ ಬಿಟ್ಟಳು.

"ಮತ್ತೆ ಆಡೋಣ್ವಾ?" ಎಂದು ಕೇಳಿದಳು ಕೊನೆಗೆ.

"ಯಾರು ಆಡೋದು?"

"ನೀನು. ನನ್ನವು ಬರೀ ಕೈ."

ಆಟ ಮುಗಿದುಹೋಗಿದ್ದರಿಂದ ಬೆಟ್ಟದ ಬುಡದಿಂದ ಮತ್ತೆ ಹತ್ತಬೇಕಿತ್ತು. ಈ ಸಲ ಅವನು ಹೇಳಿದ್ದನ್ನು ಬಿಟ್ಟು ಬೇರೇನೂ ಒತ್ತುವುದಿಲ್ಲ ಎಂದು ಅವಳು ಪಟ್ಟು ಹಿಡಿದಳು. ಅದು ಎಷ್ಟು ಕಷ್ಟ ಎಂದು ಮೊದಲ ಸಂಜೆಯೇ ಗೊತ್ತಾಯಿತು. ತೆಳು ಮಂಜುಗಡ್ಡೆ ಕಣ್ಣಿಗೇ ಕಾಣುತ್ತಿದೆ, ಅವನು "ನೇರ ಹೋಗು" ಅನ್ನುತ್ತಾನೆ. ಹೋದಳು. ಗೂನಪ್ಪ ಮುಳುಗಿದ. "ಇನ್ನೊಂದ್ಸಲ ನೇರ," ಎಂದ. ಮತ್ತೆ ಮುಳುಗಿದ. ಅವಳ ಹೆಬ್ಬೆರಳು ತುರಿಸುತ್ತಿತ್ತು. ತೋಳಗಳ ಮಧ್ಯೆ ನಿಂತು ಹೊಡೆದಾಡು ಎಂದ, ಗೂನಪ್ಪ ಹೊಡೆದಾಡಿ ಸತ್ತ. ದಾರಿ ಬಿಟ್ಟು ಒಂದು ಗವಿಯೊಳಗೆ ಹೋಗೋಣ ಎಂದ. ಅಲ್ಲಿ ಏನೂ ಇರಲಿಲ್ಲ, ಆರಿದ ಒಲೆಯೊಂದಿತ್ತು ಅಷ್ಟೇ. "ಇಲ್ಲಿ ಸ್ವಲ್ಪ ಹೊತ್ತು ಕೂರಿಸು," ಎಂದ. ಕೂರಿಸಿದಳು. ಹೊರಗೆ ಹಿಮ ಬೀಳುತ್ತಿತ್ತು. ಪಾತ್ರೆಗಳು ಸಿಂಕಿನಲ್ಲಿ ಹಾಗೇ ಇದ್ದವು. ಆ ಹಾಳು ಗವಿಯಲ್ಲಿ ಅವರು ಮೂವರೂ ಸುಮ್ಮನೆ ಕೂತಿದ್ದರು. ಅಲ್ಲಿ ಅವಳಿಗೆ ಬೇಸರವೇನೂ ಆಗಲಿಲ್ಲ.

ಅವಳು ಒಂದು ವಾರದಲ್ಲಿ ಹತ್ತಿಸಿದ್ದ ಬೆಟ್ಟವನ್ನು ಹತ್ತಲು ಅವನಿಗೆ ತಿಂಗಳು ಹಿಡಿಯಿತು. ನೆತ್ತಿಯ ಮೇಲೆ ಗೂನಪ್ಪ ತಿರುಗಿ ಹಗ್ಗ ಎತ್ತಿ ತೋರಿಸಿದಾಗ ಅಕ್ಕ ಕಂಟ್ರೋಲರನ್ನು ತಮ್ಮನ ಮಡಿಲಲ್ಲಿಟ್ಟಳು. ಕೈಯಡಿ ದಿಂಬು ಕೊಟ್ಟು ಅವನ ಬಲಗೈಯ ಹೆಬ್ಬೆರಳನ್ನು ಕಂಟ್ರೋಲರಿನ ಸಣ್ಣ ಕೋಲಿನ ಮೇಲೆ ಕೂರಿಸಿದಳು. ಪರದೆಯ ಮೇಲಿನ ಗುರುತನ್ನು ಮೊದಲ ಪದದಿಂದ ಎರಡನೆಯ ಪದಕ್ಕೆ ಇಳಿಸಬೇಕು, ಆಮೇಲೆ ಪಕ್ಕದ ಗುಂಡಿ ಒತ್ತಬೇಕು. ಇಷ್ಟೇ ಕೆಲಸ. ಹೆಬ್ಬೆರಳು ಕೋಲಿನಿಂದ ಜಾರಿತು. ಎತ್ತಿ ಇಟ್ಟಳು. ಮತ್ತೆ ಜಾರಿತು. ಅವನ ಹಣೆ ಬೆವರಿತು. ಗುರುತು ಎರಡನೆಯ ಪದಕ್ಕೆ ಇಳಿಯಿತು, ಗುಂಡಿ ಮುಟ್ಟುವ ಮೊದಲೇ ಮತ್ತೆ ಮೇಲಕ್ಕೆ ಹಾರಿತು.

"ನಾನು..." ಎಂದಳು ಅಕ್ಕ.

"ಬೇಡ."

ಅವಳು ತನ್ನ ಎರಡೂ ಕೈಗಳನ್ನು ತೊಡೆಯಡಿ ಅದುಮಿಕೊಂಡು ಕೂತಳು. ಆಟಕ್ಕೆ ಅವಸರವಿರಲಿಲ್ಲ. ಗೂನಪ್ಪ ಗಾಳಿಯಲ್ಲಿ ಹಗ್ಗ ಹಿಡಿದು ಕಾಯುತ್ತಲೇ ಇದ್ದ. ತಮ್ಮ ಉಸಿರು ಬಿಟ್ಟು ಸುಧಾರಿಸಿಕೊಂಡು ಮತ್ತೆ ತಳ್ಳಿದ. ಗುರುತು ಇಳಿಯಿತು. ಹೆಬ್ಬೆರಳು ನಡುಗುತ್ತಾ ಪಕ್ಕಕ್ಕೆ ತೆವಳಿ, ಗುಂಡಿಯ ಮೇಲೆ ಬಿತ್ತು.

ಹಗ್ಗ ಹಿಮದ ಮೇಲೆ ಬಿದ್ದಿತು. ಗೂನಪ್ಪ ಅದನ್ನೊಮ್ಮೆ ನೋಡಿದ, ಸೊಂಟದ ಗಂಟು ಬಿಚ್ಚಿದ, ಕಮರಿಯ ಅಂಚಿಗೆ ನಡೆದ. ಅಕ್ಕ ಅಭ್ಯಾಸಬಲದಿಂದ ಕಂಟ್ರೋಲರ್ ಎತ್ತಿಕೊಂಡು ಈ ಗುಂಡಿ ಆ ಗುಂಡಿ ಒತ್ತಿದಳು. ಏನೂ ಆಗಲಿಲ್ಲ.

"ಕೆಟ್ಟು ಹೋಯ್ತಾ ಇದು?"

"ಇಲ್ಲ. ಇನ್ಮೇಲೆ ನಮ್ಮ ಮಾತು ಕೇಳಲ್ಲ, ಅಷ್ಟೇ."

"ಆ ಕಡೆ ಹೋಗ್ಬೇಡ್ವೋ," ಎಂದಳು ಅವಳು ಪರದೆಗೆ, ಮೆಲ್ಲಗೆ.

ಗೂನಪ್ಪ ಅಂಚಿನ ಗುಂಟವೇ ನಡೆದ. ಒಂದು ಬಂಡೆಯ ಮೇಲೆ ಕೂತು ಕಾಲು ಉಜ್ಜಿಕೊಂಡ. ಎದ್ದು ಮತ್ತೆ ನಡೆದ. ಮಾಡುವುದಕ್ಕೇನೂ ಇರಲಿಲ್ಲ. ಮಾಡುವುದಕ್ಕೇನೂ ಇಲ್ಲದೆ ಕೂತು ಅಕ್ಕನಿಗೆ ಎಷ್ಟು ಕಾಲವಾಗಿತ್ತೋ, ಕಣ್ಣು ತಾನೇತಾನಾಗಿ ಎಳೆಯಿತು. ಕುರ್ಚಿಯಲ್ಲೇ ಕತ್ತು ವಾಲಿಸಿ ನಿದ್ದೆಹೋದಳು.

ಎಚ್ಚರವಾದಾಗ ಪರದೆ ಕಪ್ಪಾಗಿತ್ತು. ತಮ್ಮ ಅವಳನ್ನು ಎಬ್ಬಿಸದೆ ಕೂತಿದ್ದ.

"ಏನಾಯ್ತು ಅವನಿಗೆ?"

"ಹೋದ."

"ಎಲ್ಲಿಗೆ?"

"ಬೆಟ್ಟದ ಆ ಕಡೆ ಇಳಿದ. ಕಾಣಿಸೋವರೆಗೂ ಹೋಗ್ತಾನೇ ಇದ್ದ. ಆಮೇಲೆ ಕಾಣಿಸ್ಲಿಲ್ಲ."

"ಅರಮನೆ?"

"ಆ ಕಡೆ ತಿರುಗಿಯೂ ನೋಡ್ಲಿಲ್ಲ."

"ಇಷ್ಟೆಲ್ಲ ಹತ್ತಿಸಿದ್ದು ದಂಡ ಹಾಗಾದ್ರೆ," ಎಂದು ಅವಳು ಆಕಳಿಸಿದಳು. ಅವನು ನಕ್ಕ.

ಮರುದಿನ ಬೆಳಗ್ಗೆ ಫಿಸಿಯೋ ಮೇಡಂಗೆ ಫೋನ್ ಹಚ್ಚಿಕೊಡಲು ಹೇಳಿದ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟು ಒಳಗೆ ಹೋಗು ಎಂದ. ಅವಳು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟಳು, ಕೇಳಿಸದಿರಲಿ ಎಂದು. ಆದರೂ ಅಷ್ಟಿಷ್ಟು ಕೇಳಿಸಿತು. ಆ ರೂಮು ಬೇರೆಯವರಿಗೆ ಹೋಗಿದೆ. ಇನ್ನೊಂದು ಯಾವಾಗ ಖಾಲಿಯಾಗುತ್ತದೋ ಗೊತ್ತಿಲ್ಲ. "ಪರವಾಗಿಲ್ಲ, ನನ್ನ ಹೆಸರು ಹೇಳಿಡಿ," ಎಂದ ಅವನು. ಅಕ್ಕನಿಗೆ ಒಳಗೊಳಗೇ ಸಮಾಧಾನವಾಯಿತು. ಆದದ್ದಕ್ಕೆ ನಾಚಿಕೆಯೂ ಆಯಿತು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

ರೂಮು ಸಿಗಲು ಬಹಳ ತಿಂಗಳು ಹಿಡಿಯಿತು. ಹೊರಡುವ ದಿನ ಅವಳು ಯಾವ ಅಂಗಿ ಎಂದು ಕೇಳಿದಳು. ಅವನು ಅವಳಿಗೆ ಸುತರಾಂ ಹಿಡಿಸದ ಹಳದಿಯದನ್ನೇ ಹೇಳಿದ.

ಅಲ್ಲಿ ಎಲ್ಲವೂ ನೆಟ್ಟಗಿತ್ತು ಎಂದೇನೂ ಅಲ್ಲ. ಸಹಾಯಕರು ಕೆಲವು ದಿನ ತಡವಾಗಿ ಬರುತ್ತಿದ್ದರು. ಪಕ್ಕದ ರೂಮಿನ ಮಾಜಿ ಲಾರಿ ಚಾಲಕನಿಗೂ ಇವನಿಗೂ ನಡುಮನೆಯ ಕಿಟಕಿ ತೆರೆಯುವ ವಿಚಾರದಲ್ಲಿ ದಿನಾ ಜಟಾಪಟಿ. ಮೊದಲ ತಿಂಗಳಲ್ಲೇ ಹಿಮ್ಮಡಿಯಲ್ಲಿ ಹುಣ್ಣಾಯಿತು. ಮಗ್ಗುಲು ಬದಲಿಸಲು ಬಂದವರನ್ನು "ಆಮೇಲೆ ಬನ್ನಿ, ಮಾತಾಡ್ತಾ ಇದ್ದೀವಿ" ಎಂದು ಇವನೇ ವಾಪಸ್ಸು ಕಳಿಸುತ್ತಿದ್ದನಂತೆ. ಪಟ್ಟಿ ಕಟ್ಟಿದ ಕಾಲು ನೋಡಿ ಅಕ್ಕನ ಬಾಯಿಗೆ ಮಾತು ನುಗ್ಗಿ ಬಂತು. ಹಲ್ಲು ಕಚ್ಚಿ ನುಂಗಿಕೊಂಡಳು.

"ಗೊತ್ತು ನೀನೇನಂತೀಯ ಅಂತ," ಎಂದ ಅವನು.

"ನಾನೇನೂ ಅನ್ಲಿಲ್ವಲ್ಲ."

"ಅದಕ್ಕೇ ಗೊತ್ತಾಯ್ತು."

ರಜೆಯ ದಿನಗಳಲ್ಲಿ ಅವಳು ಎರಡು ಬಸ್ಸು ಬದಲಾಯಿಸಿ ಅಲ್ಲಿಗೆ ಹೋಗುತ್ತಾಳೆ. ಮೊನ್ನೆ ಹೋದಾಗ ಅವನು ಲಾರಿ ಚಾಲಕನ ಜೊತೆ ಬಿಸಿಬಿಸಿ ವಾದದಲ್ಲಿದ್ದ. "ಅಕ್ಕ, ಒಂದ್ನಿಮಿಷ ಹೊರಗೆ ಕೂತಿರು," ಎಂದ. ಅವಳು ಹೊರಗಿನ ಬೆಂಚಿನಲ್ಲಿ ಬಿಸಿಲಿಗೆ ಮೈಯೊಡ್ಡಿ ಕೂತಳು. ಒಂದು ನಿಮಿಷ ಅನ್ನುವುದು ಅರ್ಧ ಗಂಟೆಯಾಯಿತು. ಗಲ್ಲದಿಂದ ಕುರ್ಚಿ ನಡೆಸಿಕೊಂಡು, ಬಾಗಿಲ ಚೌಕಟ್ಟಿಗೆ ಒಮ್ಮೆ ಗುದ್ದಿ, ಅವನು ಹೊರಗೆ ಬಂದ.

"ಸಂಜೆ ಹೊತ್ತು ಏನ್ ಮಾಡ್ತೀಯ ಈಗ?" ಎಂದು ಕೇಳಿದ.

"ಮಲಗ್ತೀನಿ."

"ಅಷ್ಟೇನಾ? ಆಮೇಲೆ?"

"ನೋಡೋಣ. ಇನ್ನೂ ಮಲಗೋದೇ ಮುಗಿದಿಲ್ಲ," ಎಂದಳು ಅಕ್ಕ.